ಇನ್ವರ್ಟರ್ ಬ್ಯಾಟರಿ ಜಾಸ್ತಿ ದಿನ ಬಾಳಬೇಕಾದರೆ ಹೇಗೆ ಚಾರ್ಜ್ ಮಾಡಬೇಕು?

ಪೂರ್ತಿ ಖಾಲಿ ಮಾಡಬೇಡಿ, ಖಾಲಿಯಾದದ್ದನ್ನು ಹಾಗೇ ಬಿಡಬೇಡಿ, ಚಾರ್ಜ್ ಮಾಡಿದರೆ ಅರ್ಧಕ್ಕೆ ನಿಲ್ಲಿಸದೆ ತುಂಬಿಸಿ. ಇನ್ವರ್ಟರ್‌ಗೆ ಸಾಮಾನ್ಯವಾಗಿ ಬಳಸುವ ಲೆಡ್ ಆಸಿಡ್ ಬ್ಯಾಟರಿಯ ಬಾಳಿಕೆ ಹೆಚ್ಚಾಗಿ ಇದರ ಮೇಲೇ ನಿಂತಿದೆ.

ಯಾಕೆಂದರೆ, ಬ್ಯಾಟರಿ ಕರೆಂಟ್ ಕೊಡುವಾಗ ಒಳಗಿನ ಸೀಸದ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಎಂಬ ಬಿಳಿ ಪದರ ಕೂರುತ್ತದೆ. ತಡಮಾಡದೆ ಚಾರ್ಜ್‌ಗೆ ಹಾಕಿದರೆ ಅದು ಕರಗಿ ಆಸಿಡ್‌ಗೆ ವಾಪಸ್ ಹೋಗುತ್ತದೆ. ವಾರಗಟ್ಟಲೆ ಬಿಟ್ಟರೆ ಹರಳುಗಟ್ಟುತ್ತದೆ, ಆಮೇಲೆ ಸುಲಭಕ್ಕೆ ಜಗ್ಗುವುದಿಲ್ಲ. ಪ್ಲೇಟಿನ ಅಷ್ಟು ಭಾಗ ಸತ್ತ ಹಾಗೇ. ಮೇನ್ ಸ್ವಿಚ್ ಆಫ್ ಮಾಡಿ, ಇನ್ವರ್ಟರ್ ಮಾತ್ರ ಆನ್ ಬಿಟ್ಟು ತಿಂಗಳುಗಟ್ಟಲೆ ಊರಿಗೆ ಹೋಗುವವರ ಬ್ಯಾಟರಿ ಹಾಳಾಗುವುದು ಹೀಗೆ.

12 ವೋಲ್ಟ್ ಬ್ಯಾಟರಿಯನ್ನು ಚಾರ್ಜರ್, ಲೋಡ್ ಎರಡೂ ತೆಗೆದು, ಕೆಲವು ಗಂಟೆ ಬಿಟ್ಟು ಮೀಟರ್ ಹಿಡಿದು ನೋಡಿ. ಸುಮಾರು 12.7 ಬಂದರೆ ತುಂಬಿದೆ, 12.2 ಅಂದರೆ ಅರ್ಧ. ಅದಕ್ಕಿಂತ ಕೆಳಗೆ ಆಗಾಗ ಇಳಿಸಬೇಡಿ.

ಡಿಸ್ಟಿಲ್ಡ್ ವಾಟರ್ ಹಾಕುವುದು ಚಾರ್ಜ್ ಆದ ಮೇಲೆ. ಮೊದಲೇ ತುಂಬಿಸಿದರೆ ಆಸಿಡ್ ಉಕ್ಕಿ ಹೊರಗೆ ಬರುತ್ತದೆ. ಪ್ಲೇಟು ಕಾಣುವಷ್ಟು ನೀರು ಇಳಿದಿದ್ದರೆ ಮಾತ್ರ, ಅವು ಮುಳುಗುವಷ್ಟು ಮೊದಲು ಹಾಕಿ. ನಲ್ಲಿ ನೀರು ಬೇಡವೇ ಬೇಡ.