ಹೋಂಸ್ಟೇ ಕೆಲಸವೋ, ಪದವಿಯೋ?

ಪ್ರಶ್ನೆ: ನಾನು ಎಂಟನೇ ತರಗತಿಯಿಂದ ಬಾಲಮಂದಿರದಲ್ಲಿ ಬೆಳೆದವಳು. ದ್ವಿತೀಯ ಪಿಯುಸಿಯಲ್ಲಿ ಪ್ರಥಮ ದರ್ಜೆ ಬಂದಿದೆ. ಮುಂದಿನ ತಿಂಗಳು ಹದಿನೆಂಟು ತುಂಬುವುದರಿಂದ ಇಲ್ಲಿಂದ ಹೊರಡಬೇಕು. ಮಡಿಕೇರಿ ಬಳಿಯ ಹೋಂಸ್ಟೇಯಲ್ಲಿ ಊಟ, ವಸತಿ ಸಹಿತ ಕೆಲಸ ಸಿಗುತ್ತದೆ. ಬಿ.ಕಾಂ. ಓದುವ ಆಸೆಯೂ ಇದೆ. ಆದರೆ ಹಾಸ್ಟೆಲಿಗೆ ಸೇರಿದರೆ ರಜೆಯಲ್ಲಿ ಎಲ್ಲಿಗೆ ಹೋಗಲಿ?
– ಹೆಸರು ಬೇಡ, ಕೊಡಗು

ಉತ್ತರ: ನಿಮ್ಮ ಪತ್ರದಲ್ಲಿ ಓದಿನ ಚಿಂತೆಗಿಂತ ರಜೆಯ ಭಯವೇ ದೊಡ್ಡದಾಗಿ ಕಾಣುತ್ತದೆ, ಮತ್ತು ಅದು ಸಕಾರಣವಾದ ಭಯ. ಪುತ್ತರಿ ಹಬ್ಬಕ್ಕೆ ಜೊತೆಯವರೆಲ್ಲ ಬ್ಯಾಗು ಹೆಗಲಿಗೇರಿಸಿ ಊರಿಗೆ ಹೊರಟು, ಅಡುಗೆಯವರೂ ರಜೆ ಹಾಕಿದ ಮೇಲೆ ಹಾಸ್ಟೆಲಿನಲ್ಲಿ ಉಳಿಯಲು ಅವಕಾಶವುಂಟೇ ಎಂದು ಪ್ರವೇಶ ಪಡೆಯುವಾಗಲೇ ವಾರ್ಡನ್ ಅವರನ್ನು ಕೇಳಿ, ಅನುಮತಿಯನ್ನು ಲಿಖಿತವಾಗಿ ಪಡೆಯಿರಿ. ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತದ ಪಾಲನೆಯಲ್ಲಿ ಬೆಳೆದು ಉನ್ನತ ಶಿಕ್ಷಣಕ್ಕೆ ಹೋಗುವವರಿಗೆ 2,000 ಪೌಂಡ್ ಸಹಾಯಧನವಿದೆ. ರಜಾಕಾಲದ ವಸತಿಯ ಹೊಣೆಯನ್ನೂ ಕಾನೂನು ಆಡಳಿತದ ಮೇಲೆಯೇ ಹೊರಿಸಿದೆ. ನಮ್ಮಲ್ಲಿ ಇದನ್ನು ಕೇಳಿಯೇ ಪಡೆಯಬೇಕು.

ದೀರ್ಘ ರಜೆಗೆ ಹೋಂಸ್ಟೇ ಕೆಲಸ ಒದಗಿಬಂದೀತು, ಆದರೆ ಬದುಕಿಗೆಲ್ಲ ಅದನ್ನೇ ನೆಚ್ಚಿಕೊಳ್ಳುವುದನ್ನು ನಾನು ಒಪ್ಪಲಾರೆ. ಅಲ್ಲಿ ಸಂಬಳ ನಿಂತ ದಿನವೇ ತಲೆಯ ಮೇಲಿನ ಸೂರೂ ಹೋಗುತ್ತದೆ. 2018ರ ಆಗಸ್ಟ್‌ನ ಭೂಕುಸಿತದ ಬಳಿಕ ಜಿಲ್ಲೆಗೆ ಪ್ರವಾಸಿಗರು ಬರುವುದೇ ನಿಂತದ್ದು ನಿಮಗೆ ಗೊತ್ತಿರಬಹುದು.

2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಮು, ಹದಿನೆಂಟು ತುಂಬಿ ಸಂಸ್ಥೆಯಿಂದ ಹೊರಡುವವರಿಗೆ ಆರ್ಥಿಕ ನೆರವು ನೀಡಬಹುದೆನ್ನುತ್ತದೆ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಈ ನೆರವು ತಿಂಗಳಿಗೆ 4,000 ರೂಪಾಯಿ. ಅನುಪಾಲನೆ, ಅಂದರೆ ಸಂಸ್ಥೆಯಿಂದ ಹೊರಬಂದ ನಂತರದ ಈ ಆಸರೆ, ಸಾಮಾನ್ಯವಾಗಿ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ದೊರೆಯುತ್ತದೆ. ಪದವಿಗೆ ಬೇಕಾದದ್ದು ಮೂರು ವರ್ಷ; ಆದ್ದರಿಂದ ‘ಒಂದು ವರ್ಷ ದುಡಿದು ಆಮೇಲೆ ಸೇರುತ್ತೇನೆ’ ಎಂದು ಮುಂದೂಡಿದರೆ, ಕೊನೆಯ ವರ್ಷದ ಓದಿಗೆ ಆಸರೆ ಇಲ್ಲದಂತಾದೀತು. ನಿಮ್ಮ ಬಿಡುಗಡೆಯ ನಂತರದ ಯೋಜನೆಯನ್ನು ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಎರಡು ತಿಂಗಳ ಮೊದಲೇ ಮಕ್ಕಳ ಕಲ್ಯಾಣ ಸಮಿತಿಗೆ ಸಲ್ಲಿಸಿರಬೇಕು. ಸಲ್ಲಿಸಿಲ್ಲವಾದರೆ ಇಂದೇ ವಿಚಾರಿಸಿ, ‘ಪದವಿ ವ್ಯಾಸಂಗ’ ಮತ್ತು ‘ರಜಾಕಾಲದ ವಸತಿ’ ಎರಡನ್ನೂ ಅದರಲ್ಲಿ ಬರೆಸಿ.

ಬ್ಯಾಂಕ್ ಗುಮಾಸ್ತ ಹುದ್ದೆಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹುದ್ದೆಗೂ ಪದವಿಯೇ ಕನಿಷ್ಠ ಅರ್ಹತೆ ಎಂಬುದು ಎಲ್ಲರೂ ಹೇಳುವ ಮಾತು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಬೇರೆ. ಬಾಲಮಂದಿರದಲ್ಲಿ ಏಳುವ, ಉಣ್ಣುವ, ಮಲಗುವ ಹೊತ್ತನ್ನೆಲ್ಲ ಗಂಟೆಯೇ ತೀರ್ಮಾನಿಸುತ್ತಿತ್ತು. ಹದಿನೆಂಟು ತುಂಬಿದ ಮರುದಿನ ಎಲ್ಲ ತೀರ್ಮಾನಗಳೂ ಒಮ್ಮೆಗೇ ನಿಮ್ಮ ಮೇಲೆ ಬೀಳುತ್ತವೆ. ಅಮ್ಮನ ಮನೆಯಿರುವವರು ಇಪ್ಪತ್ತೈದರವರೆಗೂ ನಿಧಾನವಾಗಿ ಕಲಿಯುವುದನ್ನು ಕಲಿಯಲು ಕಾಲೇಜು ನಿಮಗೆ ಮೂರು ವರ್ಷ ಕೊಡುತ್ತದೆ: ತಿಂಗಳ ಹಣವನ್ನು ಹಂಚಿಕೊಳ್ಳುವುದು, ಸ್ನೇಹಿತರನ್ನು ಆರಿಸಿಕೊಳ್ಳುವುದು, ಒಂದು ಪತ್ರಿಕೆಯಲ್ಲಿ ಫೇಲಾದರೆ ಮತ್ತೆ ಕುಳಿತು ಬರೆಯುವುದು. ಮಡಿಕೇರಿಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜು ಹತ್ತಿರದಲ್ಲೇ ಇದೆ. ಮುಂದೆ ಸ್ನಾತಕೋತ್ತರ ಓದಬೇಕೆನಿಸಿದರೆ ಚಿಕ್ಕ ಅಳುವಾರದಲ್ಲಿ 2023ರಲ್ಲಿ ಆರಂಭವಾದ ಕೊಡಗು ವಿಶ್ವವಿದ್ಯಾಲಯವಿದೆ.

ಹೊರಡುವ ಮೊದಲು ಅಂಕಪಟ್ಟಿ, ಟಿ.ಸಿ., ಆಧಾರ್, ಬ್ಯಾಂಕ್ ಪಾಸ್‌ಬುಕ್, ಸಮಿತಿಯ ಆದೇಶದ ಪ್ರತಿ ಇವೆಲ್ಲ ನಿಮ್ಮ ಕೈಸೇರಲಿ. ವಿದ್ಯಾರ್ಥಿವೇತನಕ್ಕೂ ಹಾಸ್ಟೆಲಿಗೂ ಜಾತಿ, ಆದಾಯ ಪ್ರಮಾಣಪತ್ರ ಕೇಳುತ್ತಾರೆ; ತಂದೆ-ತಾಯಿಯ ದಾಖಲೆಯಿಲ್ಲದವರು ಅಲ್ಲಿಯೇ ಸಿಕ್ಕಿಹಾಕಿಕೊಳ್ಳುವುದುಂಟು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಪತ್ರ ಪಡೆದು, ನೀವು ಬಾಲಮಂದಿರದಲ್ಲಿ ಇರುವಾಗಲೇ ತಹಶೀಲ್ದಾರರ ಕಚೇರಿಗೆ ಅರ್ಜಿ ಹಾಕಿ.