ಫೋನಿನ ಲೋಹದ ಮೈ ಕಾಯ್ದರೆ ಕೆಟ್ಟದ್ದೇ?

ಪ್ರಶ್ನೆ: ವಿಜಯಪುರದಾಗ ಬೈಕ್ ಮ್ಯಾಲೆ ಪಾರ್ಸಲ್ ಹಂಚೋ ಕೆಲಸ ನಂದು ರೀ. ಹ್ಯಾಂಡಲ್‌ಗೆ ಫೋನ್ ಸಿಗಿಸಿ ಮ್ಯಾಪ್ ಹಚ್ಚಿರ್ತೀನಿ. ಬ್ಯಾಸಗ್ಯಾಗ ಮಧ್ಯಾಹ್ನ ಅದರ ಅಲ್ಯೂಮಿನಿಯಂ ಬಾಡಿ ಮುಟ್ಟಾಕ ಆಗಂಗಿಲ್ಲ, ಸ್ಕ್ರೀನ್ ಮಬ್ಬಾಗಿಬಿಡತೈತಿ. ಗೆಳೆಯನ ಪ್ಲಾಸ್ಟಿಕ್ ಬಾಡಿ ಫೋನ್ ಇಷ್ಟು ಕಾಯಂಗಿಲ್ಲ. ಮುಂದಿನ ಸಲ ಟೈಟಾನಿಯಂದು ತಗೊಂಡ್ರ ತಂಪಿರತೈತೇನ್ರೀ?

ಉತ್ತರ: ಇರುವುದಿಲ್ಲ. ಗೆಳೆಯರ ಫೋನ್ ತಂಪಾಗಿದೆ ಅಂತಲೂ ನಂಬಬೇಡಿ. ಎರಡೂ ಫೋನ್ 45 ಡಿಗ್ರಿಯಲ್ಲೇ ಇದ್ದರೂ ಲೋಹ ಬೆರಳಿಗೆ ಬೇಗ ಶಾಖ ದಾಟಿಸುತ್ತದೆ, ಪ್ಲಾಸ್ಟಿಕ್ ನಿಧಾನ. ಅದಕ್ಕೇ ನಿಮ್ಮದು ಸುಡುತ್ತದೆ. ಪ್ಲಾಸ್ಟಿಕ್ ಹಿಂಬದಿ ಕೈಗೆ ಹಿತವಾಗಿರುವಾಗ ಒಳಗೆ ಪ್ರೊಸೆಸರ್ ಬೇಯುತ್ತಿರಬಹುದು.

ವಸ್ತು ಶಾಖವನ್ನು ಎಷ್ಟು ಚೆನ್ನಾಗಿ ದಾಟಿಸುತ್ತದೆ ಎಂಬುದೇ ಶಾಖ ವಾಹಕತೆ. ಅದನ್ನು ಮೀಟರ್-ಕೆಲ್ವಿನ್‌ಗೆ ಇಷ್ಟು ವಾಟ್ ಎಂದು ಅಳೆಯುತ್ತಾರೆ. ಶುದ್ಧ ಅಲ್ಯೂಮಿನಿಯಂನದು ಸುಮಾರು 237. ಫೋನಿಗೆ ಬಳಸುವ ಮಿಶ್ರಲೋಹಗಳದ್ದು ಅದಕ್ಕಿಂತ ಕಡಿಮೆ, ಆದರೂ ನೂರರ ಮೇಲೆ. ಸ್ಟೇನ್‌ಲೆಸ್ ಸ್ಟೀಲ್ 15ರ ಆಸುಪಾಸು. ನೀವು ಕೇಳಿದ ಟೈಟಾನಿಯಂ ಮಿಶ್ರಲೋಹ ಬರೀ 7! ಗಾಜು 1, ಪ್ಲಾಸ್ಟಿಕ್ 0.2. ಸ್ಟೀಲ್ ಪಾತ್ರೆಯ ತಳಕ್ಕೆ ತಾಮ್ರ ಕೂಡಿಸುವುದು ಯಾಕೆ? ಉರಿ ತಾಗಿದ ಕಡೆಯಷ್ಟೇ ಹಾಲು ಸೀಯಬಾರದೆಂದು. ಫೋನಿನಲ್ಲೂ ಪ್ರೊಸೆಸರ್ ಕೂತ ಒಂದು ಮೂಲೆಯ ಬಿಸಿಯನ್ನು ಇಡೀ ಮೈಗೆ ಹರಡಬೇಕು. ಟೈಟಾನಿಯಂ ಗಟ್ಟಿ, ಸ್ಟೀಲಿಗಿಂತ ಹಗುರ, ಆದರೆ ಈ ಕೆಲಸಕ್ಕೆ ಬಾರದು. ಆಪಲ್ 2023ರ ಐಫೋನ್ 15 ಪ್ರೋಗೆ ಟೈಟಾನಿಯಂ ಚೌಕಟ್ಟು ಹಾಕಿತ್ತು. 2025ರ 17 ಪ್ರೋಗೆ ಅದನ್ನು ಬಿಟ್ಟು ಅಲ್ಯೂಮಿನಿಯಂ ಬಳಸಿತು, ಒಳಗೆ ಶಾಖ ಹರಡುವ ವೇಪರ್ ಚೇಂಬರ್ ಕೂಡ ಇಟ್ಟಿತು.

ಹೀಗೆ ಹರಡಿದ ಶಾಖವನ್ನು ಕೊನೆಗೆ ಒಯ್ಯಬೇಕಾದದ್ದು ಗಾಳಿ. ನಿಮ್ಮ ತೊಂದರೆ ಇರುವುದು ಇಲ್ಲಿ. ಗಾಳಿಯೇ 41 ಡಿಗ್ರಿ, ಫೋನಿನ ಮೈ 45 ಆದರೆ ನಡುವೆ ಉಳಿದದ್ದು ನಾಲ್ಕೇ ಡಿಗ್ರಿ. ಅಷ್ಟರಲ್ಲಿ ಎಂಥ ಲೋಹವೂ ಹೆಚ್ಚು ಶಾಖ ಬಿಡಲಾರದು. ಅದರ ಮೇಲೆ ಬಿಸಿಲು. ನಡುಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು 1000 ವಾಟ್. ಅಂಗೈಯಗಲದ ಸ್ಕ್ರೀನ್ ಮೇಲೆ ಹತ್ತು ವಾಟ್‌ನಷ್ಟು ಬಿದ್ದು, ಕಪ್ಪು ಗಾಜು ಬಹುಪಾಲು ಹೀರಿಕೊಳ್ಳುತ್ತದೆ. ಮ್ಯಾಪ್ ಓಡಿಸುವಾಗ ಫೋನ್ ತಾನೇ ಹುಟ್ಟಿಸುವ ಶಾಖ ಇದಕ್ಕಿಂತ ಕಡಿಮೆ. ಗಾಡಿ ಓಡುವಾಗ ಗಾಳಿ ಬಡಿದು ಸ್ವಲ್ಪ ಪಾರು. ಗಾಂಧಿ ಚೌಕದ ಗದ್ದಲದಲ್ಲಿ ನಿಂತಿರೋ, ಅದೂ ಇಲ್ಲ. ಸ್ಕ್ರೀನ್ ಮಬ್ಬಾಗುವುದು ಕೆಟ್ಟದ್ದಲ್ಲ, ಫೋನ್ ತನ್ನ ಜೀವ ಉಳಿಸಿಕೊಳ್ಳುವ ಬಗೆ.

ಹಾಗಾಗಿ ಹೊಸ ಫೋನಿಗಿಂತ ಹೋಲ್ಡರ್ ಮೇಲೆ ನೆರಳು ಬೀಳಿಸುವ ಚಿಕ್ಕ ಮರೆ ಹಾಕಿಸುವುದು ಮೇಲು ಅಂತ ನನ್ನ ಅಭಿಪ್ರಾಯ. ಸಿಲಿಕೋನ್ ಕವರ್ ಹಾಕಿದ್ದರೆ ಹೋಲ್ಡರ್‌ಗೆ ಸಿಗಿಸುವಾಗ ತೆಗೆಯಿರಿ. ಲೋಹಕ್ಕೆ ದುಡ್ಡು ಕೊಟ್ಟು ಅದರ ಮೇಲೆ ಕಂಬಳಿ ಹೊದಿಸಿದಂತೆ ಆಗುತ್ತದೆ. ಹೋಲ್ಡರ್ ಗಟ್ಟಿ ಹಿಡಿಯುತ್ತದೋ ಮೊದಲು ನೋಡಿ, ನಮ್ಮ ರಸ್ತೆಗಳು ಗೊತ್ತಲ್ಲ. ಬಿಸಿಲಲ್ಲಿ ಓಡಿಸುತ್ತ ಚಾರ್ಜ್ ಮಾಡಬೇಡಿ. ಕಾಯ್ದ ಫೋನನ್ನು ಫ್ರಿಜ್‌ನಲ್ಲಿಡುವುದಂತೂ ಬೇಡವೇ ಬೇಡ, ಒಳಗೆ ಹನಿ ಕಟ್ಟುತ್ತದೆ. ಗೊತ್ತಿರುವ ಓಣಿಗಳಲ್ಲಿ ಸ್ಕ್ರೀನ್ ಆರಿಸಿ, ಮ್ಯಾಪಿನ ಧ್ವನಿಯನ್ನಷ್ಟೇ ಕೇಳುತ್ತ ಹೋದರೆ ಇನ್ನೂ ಒಳ್ಳೆಯದು. ಹಿಂಬದಿ ಉಬ್ಬಿದಂತೆ ಕಂಡರೆ ಮಾತ್ರ ತಡ ಮಾಡಬೇಡಿ. ಫೋನ್ ಆಫ್ ಮಾಡಿ, ಬ್ಯಾಟರಿ ಬದಲಿಸಲು ಸರ್ವಿಸ್ ಸೆಂಟರಿಗೆ ಕೊಡಿ.