ಅಕ್ಕಿ ಡಬ್ಬದಡಿಯ ನೋಟಿಸ್

ಪ್ರಶ್ನೆ: ನಾನು ಅನುದಾನಿತ ಹೈಸ್ಕೂಲಿನ ಶಿಕ್ಷಕಿ. ಹನ್ನೊಂದು ವರ್ಷದಿಂದ ಜೊತೆಗೆ ಪಾಠ ಮಾಡುವ ಗೆಳತಿ ಊರಿನ ಪತ್ತಿನ ಸಹಕಾರ ಸಂಘದಲ್ಲಿ 5 ಲಕ್ಷ ಸಾಲ ತೆಗೆದಳು. ನಾನು ಜಾಮೀನು ಹಾಕಿದೆ. ಯಾರಿಗೂ ಜಾಮೀನು ನಿಲ್ಲಬೇಡ ಎಂದು ಯಜಮಾನರು ಹೇಳಿದ್ದರು, ಹಾಗಾಗಿ ಅವರಿಗೆ ತಿಳಿಸಲಿಲ್ಲ. ಈಗ ಆಕೆ ನಾಲ್ಕು ಕಂತು ಕಟ್ಟಿಲ್ಲ. ನನಗೆ ನೋಟಿಸ್ ಬಂದಿದೆ, ಅಕ್ಕಿ ಡಬ್ಬದಡಿ ಬಚ್ಚಿಟ್ಟಿದ್ದೇನೆ. ಸ್ಟಾಫ್ ರೂಮಿನಲ್ಲಿ ಆಕೆ ಮುಖ ತಪ್ಪಿಸುತ್ತಾಳೆ. ಬಳೆ ಅಡವಿಟ್ಟು ಸುಮ್ನೆ ಬಾಕಿ ಕಟ್ಟಿಬಿಡಲೇ? ಇನ್ನು ಯಾರನ್ನು ನಂಬಲಿ?

ಉತ್ತರ: ಬಳೆ ಅಡವಿಡಬೇಡಿ. ಈ ನಾಲ್ಕು ಕಂತು ಕಟ್ಟಿದರೆ ಮುಂದಿನ ತಿಂಗಳು ಐದನೆಯದು ಬರುತ್ತದೆ. ಆಗ ಬಚ್ಚಿಡಲು ನೋಟಿಸ್ ಜೊತೆ ಗಿರವಿ ಚೀಟಿಯೂ ಇರುತ್ತದೆ.

ಮೊದಲು ಕಾನೂನಿನ ಮಾತು. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸಾಲ ತೆಗೆದವರ ಹೊಣೆ ಎಷ್ಟೋ ಜಾಮೀನುದಾರರದ್ದೂ ಅಷ್ಟೇ. ಹಾಗಾಗಿ ನೋಟಿಸಿಗೆ ಉತ್ತರ ಕೊಡದೆ ಕೂರುವಂತಿಲ್ಲ. ಆದರೆ 145ನೇ ಸೆಕ್ಷನ್ ನಿಮ್ಮ ಕಡೆಗಿದೆ. ಜಾಮೀನಿನ ಲೆಕ್ಕದಲ್ಲಿ ನೀವು ನ್ಯಾಯವಾಗಿ ಕಟ್ಟಿದ್ದನ್ನು ಆಕೆ ನಿಮಗೆ ವಾಪಸ್ ಕೊಡಬೇಕು. ಕಟ್ಟುವ ಹೊತ್ತು ಬಂದರೂ ದುಡ್ಡು ಆಕೆಯ ಕೈಗೆ ಕೊಡಬೇಡಿ. ಸಂಘದಲ್ಲೇ ಕಟ್ಟಿ, ನಿಮ್ಮ ಹೆಸರಿನಲ್ಲಿ ರಸೀದಿ ಪಡೆಯಿರಿ.

ಗೆಳತಿ ಮುಖ ತಪ್ಪಿಸುತ್ತಿರುವುದು ನಾಚಿಕೆಯಿಂದ ಎಂದು ನನಗನಿಸುತ್ತದೆ. ಸ್ಟಾಫ್ ರೂಮಿನಲ್ಲಿ ನಾಲ್ಕು ಜನರೆದುರು ಕೇಳಬೇಡಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಪಕ್ಕಕ್ಕೆ ಕರೆದು, "ಏನಾಯ್ತು ಹೇಳು, ಇಬ್ಬರೂ ಸಂಘಕ್ಕೆ ಹೋಗೋಣ" ಎನ್ನಿ. ಕಂತು ಸಣ್ಣದು ಮಾಡಿ ಅವಧಿ ಹೆಚ್ಚಿಸಲು ಸಾಧ್ಯವೇ ಎಂದು ಕಾರ್ಯದರ್ಶಿಯನ್ನು ಕೇಳಿ. ಬರುವುದಿಲ್ಲ ಎಂದರೆ ಸ್ನೇಹದ ಮುಲಾಜು ಬೇಡ, ನೋಟಿಸ್ ಹಿಡಿದು ವಕೀಲರ ಹತ್ತಿರ ಹೋಗಿ.

ಆದರೆ ನನಗೆ ಗೆಳತಿಗಿಂತ ಆ ಅಕ್ಕಿ ಡಬ್ಬದ ಚಿಂತೆಯೇ ಜಾಸ್ತಿ. ದಿನಾ ಪಾವಿನಲ್ಲಿ ಅಕ್ಕಿ ಅಳೆಯುವಾಗ ನಿಮ್ಮ ಎದೆ ಹೊಡೆದುಕೊಳ್ಳುತ್ತಿರಬೇಕು, ಅಲ್ವಾ? ಆಕೆ ತನ್ನ ಕಷ್ಟ ಮುಚ್ಚಿಟ್ಟಳು ಎಂದು ನಿಮಗೆ ನೋವಾಗಿದೆ. ನಾಳೆ ಇನ್ಯಾರಿಂದಲೋ ವಿಷಯ ತಿಳಿದರೆ ನಿಮ್ಮ ಯಜಮಾನರಿಗೂ ಇದೇ ನೋವು. ಹೇಳುವಾಗ ಗೆಳತಿಯ ಕಷ್ಟದಿಂದ ಶುರು ಮಾಡಬೇಡಿ. "ನೀವು ಬೇಡ ಅಂದಿದ್ರಿ. ಆದ್ರೂ ಸಹಿ ಹಾಕಿದೆ. ನಿಮಗೆ ಹೇಳದೆ ಇದ್ದದ್ದು ನನ್ನ ತಪ್ಪು" ಎಂದು ನೋಟಿಸ್ ಅವರ ಕೈಗೆ ಕೊಡಿ. ಬೈದಾರು, ಬೈಯಲಿ. ಎರಡು ದಿನ ಮಾತು ಬಿಟ್ಟಾರು. ಕ್ಷಮಿಸಿದೆ ಅನ್ನಿ ಎಂದು ಹಿಂದೆ ಬೀಳಬೇಡಿ. ಅವರಿಗೂ ಸ್ವಲ್ಪ ಹೊತ್ತು ಬೇಕು.

ವಿಷಯ ಹೊರಬಿದ್ದರೆ "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಎಂದು ಶಾಲೆಯಲ್ಲಿ ಆಡಿಕೊಳ್ಳುವವರೂ ಇರುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಹನ್ನೊಂದು ವರ್ಷ ಒಟ್ಟಿಗೆ ಬುತ್ತಿ ಬಿಚ್ಚಿದವಳನ್ನು ನಂಬಿದ್ದು ತಪ್ಪಲ್ಲ. ಆದರೆ ಸಾಲ ಯಾತಕ್ಕೆ, ತೀರಿಸುವುದು ಹೇಗೆ ಎಂದು ನೀವು ಕೇಳಿದಂತಿಲ್ಲ. ಸಹಿ ಹಾಕಿದ ಮೇಲೆ ಒಂದು ಸಲವಾದರೂ ಆಕೆಯ ಪಾಸ್‌ಬುಕ್ ನೋಡಿದಂತಿಲ್ಲ. ತಪ್ಪಿದ್ದು ಅಲ್ಲಿ. ಹಾಗೆ ಕೇಳಿದ್ದರೆ ಆಕೆಗೆ ಅವಮಾನವೇನೂ ಆಗುತ್ತಿರಲಿಲ್ಲ. ಮೊದಲ ಕಂತು ತಪ್ಪಿದಾಗಲೇ ನಿಮ್ಮ ಹತ್ತಿರ ಬಂದು ಹೇಳಿಕೊಳ್ಳುತ್ತಿದ್ದಳೇನೋ.

ಇವತ್ತು ರಾತ್ರಿ ಮನೆಯಲ್ಲಿ ಉಳಿದವರೆಲ್ಲ ಮಲಗಿದ ಮೇಲೆ ಆ ನೋಟಿಸ್ ಹೊರಗೆ ತೆಗೆದು ಯಜಮಾನರಿಗೆ ಕೊಡಿ. ಯಜಮಾನರು ಒಪ್ಪಿದರೆ ಶನಿವಾರ ಸಂಘಕ್ಕೆ ಅವರನ್ನೂ ಕರೆದುಕೊಂಡು ಹೋಗಿ.